ದೀಪ ಆರಿಸೋಕೆ ಎಷ್ಟಾಗುತ್ತೆ?

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ರೇಕ್ ದೀಪ ಹತ್ತಿಕೊಂಡಾಗ ನಮ್ಮ ಜನ ಗ್ಯಾರೇಜಿಗೆ ಹೋಗಿ ಕೇಳುವ ಪ್ರಶ್ನೆ ಒಂದೇ: ‘ಈ ಲೈಟ್ ಆಫ್ ಮಾಡೋಕೆ ಎಷ್ಟಾಗುತ್ತೆ?’ ಯಾಕೆ ಹತ್ತಿದೆ ಅಂತ ಕೇಳೋದಿಲ್ಲ. ಎಷ್ಟು ಬೇಗ ಆರುತ್ತೆ, ಎಷ್ಟು ದುಡ್ಡಿಗೆ ಆರುತ್ತೆ, ಶನಿವಾರ ಬೆಳಿಗ್ಗೆ ಐದಕ್ಕೆ ಮನೆ ಬಿಡೋದರೊಳಗೆ ಆರುತ್ತಾ, ಅಷ್ಟೇ. ನನ್ನ ಜಗಳ ಈ ಪ್ರಶ್ನೆಯ ಜೊತೆ. ಇದಕ್ಕೆ ತಕ್ಕ ಉತ್ತರವನ್ನು ಮಾರಿಕೊಂಡು ಬದುಕುವ ಗ್ಯಾರೇಜುಗಳ ಜೊತೆಗೂ ಜಗಳ ಇದೆ, ಆದರೆ ಅದು ಎರಡನೆಯದು. ಗಿರಾಕಿ ಕೇಳಿದ್ದನ್ನೇ ಅಂಗಡಿಯವನು ಕೊಡುತ್ತಾನೆ.

ಮೊದಲು ಆ ದೀಪ ಏನು ಅಂತ ನೋಡಿಬಿಡೋಣ. ಒಂದು ವೃತ್ತ, ಒಳಗೆ ಆಶ್ಚರ್ಯಸೂಚಕ ಚಿಹ್ನೆ, ಎರಡು ಪಕ್ಕದಲ್ಲಿ ಬಿಲ್ಲಿನಂಥ ಗೆರೆ. ಇದು ಹತ್ತಲು ಬೆರಳಲ್ಲಿ ಎಣಿಸುವಷ್ಟೇ ಕಾರಣಗಳು. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿಲ್ಲ, ಅಥವಾ ಅದರ ಸ್ವಿಚ್ಚು ಅಂಟಿಕೊಂಡಿದೆ. ಬಾನೆಟ್ ಕೆಳಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮಟ್ಟ ಇಳಿದಿದೆ. ಕೆಲವು ಕಾರುಗಳಲ್ಲಿ ಪ್ಯಾಡ್ ಸವೆದು ಅದರೊಳಗಿನ ಸಣ್ಣ ತಂತಿ ಕತ್ತರಿಸಿದೆ. ಹಳದಿ ಎಬಿಎಸ್ ದೀಪದ ಜೊತೆಗೇ ಕೆಂಪೂ ಹತ್ತಿದ್ದರೆ ಹಿಂದಿನ, ಮುಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ಇಬಿಡಿ ಕೈಕೊಟ್ಟಿರಬಹುದು. ಹೆಚ್ಚುಕಮ್ಮಿ ಇಷ್ಟೇ.

ಇದನ್ನು ಅಲಂಕಾರಕ್ಕೆ ಇಟ್ಟಿಲ್ಲ. 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಾರಿಗೆ ನಾಲ್ಕೂ ಚಕ್ರದ ಹೈಡ್ರಾಲಿಕ್ ಬ್ರೇಕ್ ಬಂದ ಮೇಲೆ ಬಹಳ ವರ್ಷ ಕಾರುಗಳಲ್ಲಿ ಆಯಿಲಿಗೆ ಒಂದೇ ದಾರಿ ಇತ್ತು. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತಿತ್ತು. ಆಮೇಲೆ ದಾರಿಯನ್ನು ಎರಡು ಭಾಗ ಮಾಡಿದರು, ಅರ್ಧ ಹೋದರೂ ಇನ್ನರ್ಧ ಕಾರನ್ನು ಹೇಗೋ ನಿಲ್ಲಿಸಲಿ ಅಂತ. 1968ರಿಂದ ಅಮೆರಿಕದಲ್ಲಿ ಹೊಸ ಕಾರುಗಳಿಗೆ ಈ ಇಬ್ಭಾಗದ ಬ್ರೇಕನ್ನು ಕಡ್ಡಾಯ ಮಾಡಿದಾಗ ಜೊತೆಗೆ ಎಚ್ಚರಿಕೆ ದೀಪವನ್ನೂ ಕಡ್ಡಾಯ ಮಾಡಿದರು. ಯಾಕೆ ಅಂತ ಸ್ವಲ್ಪ ಯೋಚಿಸಿ. ಅರ್ಧ ಬ್ರೇಕ್ ಹೋಗಿದ್ದರೂ ಊರೊಳಗಿನ ಟ್ರಾಫಿಕ್ಕಲ್ಲಿ ಕಾರು ನಿಲ್ಲುತ್ತಲೇ ಇರುತ್ತದೆ. ಓಡಿಸುವವನಿಗೆ ಏನೂ ಗೊತ್ತಾಗೋದಿಲ್ಲ. ಗೊತ್ತಾಗೋದು ನಿಜವಾಗಿ ಬ್ರೇಕ್ ಬೇಕಾದ ದಿನ. ‘ಕಾರು ಚೆನ್ನಾಗೇ ನಿಲ್ತಾ ಇದೆ ಗುರೂ, ಬರೀ ಲೈಟ್ ಪ್ರಾಬ್ಲಂ’ ಅಂತ ನೀವು ಹೇಳ್ತೀರಲ್ಲ, ನೀವು ಹಾಗೆ ಹೇಳ್ತೀರಿ ಅಂತ ಗೊತ್ತಿದ್ದೇ ಆ ದೀಪ ಇಟ್ಟಿದ್ದು.

ಈಗ ಒಂದು ಕಾರಿನ ಕತೆ. ನನ್ನ ಸಹೋದ್ಯೋಗಿಯೊಬ್ಬರದು, ಸೆಕೆಂಡ್‌ಹ್ಯಾಂಡ್ ತಗೊಂಡ ಎರಡು ಬಾಗಿಲಿನ ಜರ್ಮನ್ ಸ್ಪೋರ್ಟ್ಸ್ ಕಾರು. ಕೆಲಸಕ್ಕೆ ಸೇರಿದ ದಿನದಿಂದ ಅವರಿಗೆ ಅದರದೇ ಧ್ಯಾನ. ಕೊಂಡ ಎರಡೇ ತಿಂಗಳಲ್ಲಿ ಕೆಂಪು ದೀಪ ಶುರುವಾಯಿತು. ಅದೂ ಸುಮ್ಮನೆ ಅಲ್ಲ, ಒಂದೇ ಕಡೆ ತಿರುಗಿಸಿದಾಗ ಮಿಣುಕ್ ಅಂದು ಆರೋದು. ಮೊದಲನೇ ಗ್ಯಾರೇಜಿನವರು ಆಯಿಲ್ ಡಬ್ಬಿಯ ಸೆನ್ಸರ್ ಬದಲಾಯಿಸಿ, ಆಯಿಲ್ ಟಾಪ್ ಅಪ್ ಮಾಡಿ ಕೊಟ್ಟರು. ದೀಪ ಆರಿತು. ಮೂರು ವಾರಕ್ಕೆ ಮತ್ತೆ ಬಂತು. ಎರಡನೆಯವರು ನಾಲ್ಕೂ ಚಕ್ರದ ಪ್ಯಾಡು, ಡಿಸ್ಕು ಹೊಸದು ಹಾಕಿ, ಮತ್ತೆ ಆಯಿಲ್ ತುಂಬಿಸಿದರು. ದೀಪ ಆರಿತು. ತಿಂಗಳಿಗೆ ಮತ್ತೆ ಬಂತು. ಮೂರನೆಯವರು ಸ್ಕ್ಯಾನರ್ ಚುಚ್ಚಿ ನೋಡಿ, ‘ಕೋಡ್ ಏನೂ ತೋರಿಸ್ತಿಲ್ಲ ಸರ್, ಎಬಿಎಸ್ ಮಾಡ್ಯೂಲ್ ಇರಬೇಕು. ಚೇಂಜ್ ಮಾಡಿ ನೋಡೋಣ’ ಅಂದರು. ಲಕ್ಷದ ಮೇಲೆ ಎಸ್ಟಿಮೇಟು. ಹೋಗುವ ಮುಂಚೆ ಅಲ್ಲೂ ಒಂದಿಷ್ಟು ಆಯಿಲ್ ಸುರಿದು ಕಳಿಸಿದರು.

‘ಚೇಂಜ್ ಮಾಡಿ ನೋಡೋಣ.’ ಈ ಮೂರು ಪದಗಳ ಮೇಲೆ ನನಗೆ ಇರುವಷ್ಟು ಸಿಟ್ಟು ಬೇರೆ ಯಾವ ಮಾತಿನ ಮೇಲೂ ಇಲ್ಲ. ಹೊಟ್ಟೆನೋವು ಅಂತ ಹೋದವನಿಗೆ ಡಾಕ್ಟರು ‘ಒಂದು ಕಿಡ್ನಿ ತೆಗೆದು ನೋಡೋಣ’ ಅಂದರೆ ನಾವು ಆಸ್ಪತ್ರೆ ಮುಂದೆ ಧರಣಿ ಕೂರ್ತೀವಿ. ಕಾರಿಗಾದರೆ ಇಎಂಐ ಆಪ್ಷನ್ ಇದೆಯಾ ಅಂತ ಕೇಳ್ತೀವಿ.

ಆ ಮೂರೂ ಬಿಲ್ಲುಗಳನ್ನು ನಾನು ನೋಡಿದ್ದೇನೆ. ಮೂರರಲ್ಲೂ ಒಂದು ಸಾಲು ಸಮಾನ: ಬ್ರೇಕ್ ಆಯಿಲ್ ಟಾಪ್ ಅಪ್. ರೋಗ ಆ ಸಾಲಿನಲ್ಲೇ ಕೂತಿತ್ತು. ಬ್ರೇಕ್ ಆಯಿಲ್ ಪೆಟ್ರೋಲ್ ಥರ ಉರಿದು ಖರ್ಚಾಗೋದಲ್ಲ. ಅದು ಮುಚ್ಚಿದ ವ್ಯವಸ್ಥೆ. ಡಬ್ಬಿಯಲ್ಲಿ ಮಟ್ಟ ಇಳಿಯೋಕೆ ಎರಡೇ ಕಾರಣ. ಒಂದು, ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಮುಂದೆ ಸರಿದು ಅದರ ಹಿಂದೆ ಆಯಿಲ್ ತುಂಬಿಕೊಳ್ಳುವುದು. ಇದು ನಿಧಾನವಾಗಿ, ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಕಾಣುವಂಥದ್ದು, ಮತ್ತು ಹೊಸ ಪ್ಯಾಡ್ ಹಾಕಿದ ದಿನ ಮಟ್ಟ ತಾನೇ ಮೇಲೆ ಬರುತ್ತದೆ. ಎರಡು, ಸೋರಿಕೆ. ಹೊಸ ಪ್ಯಾಡ್ ಹಾಕಿ, ಡಬ್ಬಿ ತುಂಬಿಸಿ, ತಿಂಗಳಿಗೆ ಮತ್ತೆ ಇಳಿದಿದೆ ಅಂದರೆ ಉಳಿದ ಉತ್ತರ ಒಂದೇ. ಇದಕ್ಕೆ ಎಂಜಿನಿಯರಿಂಗ್ ಬೇಡ. ಕಿರಾಣಿ ಅಂಗಡಿಯಲ್ಲಿ ಎಣ್ಣೆ ಡಬ್ಬಿ ಲೆಕ್ಕ ಇಡುವ ಹುಡುಗನೂ ಇದನ್ನು ಹಿಡೀತಾನೆ. ಸಂಬಂಧಪಟ್ಟ ಮೂರೂ ಜಾಗದಲ್ಲಿ ಯಾರೂ ಹಿಡಿಯಲಿಲ್ಲ, ಯಾಕೆಂದರೆ ಅವರಿಗೆ ಕೊಟ್ಟ ಕೆಲಸ ದೀಪ ಆರಿಸೋದು. ಆರಿಸಿದರು.

ಈ ನಡುವೆ ಆಫೀಸಿನ ಪರಿಣತರೂ ಸುಮ್ಮನಿರಲಿಲ್ಲ. ಒಬ್ಬರು ಆನ್‌ಲೈನಲ್ಲಿ ತರಿಸಿದ ಬ್ಲೂಟೂತ್ ಒಬಿಡಿ ಡಾಂಗಲ್ ಚುಚ್ಚಿ, ‘ಎಲ್ಲಾ ಕ್ಲಿಯರ್ ಇದೆ’ ಅಂತ ಸರ್ಟಿಫಿಕೇಟ್ ಕೊಟ್ಟರು. ಆ ಅಗ್ಗದ ಡಾಂಗಲ್ಲು, ಉಚಿತ ಆ್ಯಪು ಓದೋದು ಮುಖ್ಯವಾಗಿ ಎಂಜಿನಿನ ಕೋಡುಗಳನ್ನು. ಬ್ರೇಕು, ಎಬಿಎಸ್ ಕಡೆಯ ಕೋಡುಗಳಿಗೆ ಆಯಾ ಕಂಪನಿಯ ಭಾಷೆ ಗೊತ್ತಿರುವ ಸ್ಕ್ಯಾನರ್ ಬೇಕು. ಅದಕ್ಕಿಂತ ದೊಡ್ಡ ವಿಷಯ, ಆಯಿಲ್ ಮಟ್ಟದ ಸೆನ್ಸರ್ ಅಂದರೆ ಡಬ್ಬಿಯೊಳಗೆ ತೇಲುವ ಒಂದು ಬೆಂಡು, ಒಂದು ಸ್ವಿಚ್ಚು. ಎಷ್ಟೋ ಕಾರುಗಳಲ್ಲಿ ಅದು ದೀಪ ಹತ್ತಿಸುತ್ತದೆಯೇ ಹೊರತು ಕೋಡ್ ಬರೆಯೋದೇ ಇಲ್ಲ. ತಿರುವಿನಲ್ಲಿ ದೀಪ ಮಿಣುಕೋದು ಅದಕ್ಕೇ, ಮಟ್ಟ ಅಂಚಿಗೆ ಬಂದಿರುವಾಗ ಆಯಿಲ್ ಒಂದು ಪಕ್ಕಕ್ಕೆ ವಾಲಿ ಬೆಂಡು ಕೆಳಗಿಳಿಯುತ್ತದೆ. ಇದನ್ನು ಕಾಣೋಕೆ ಲ್ಯಾಪ್‌ಟಾಪ್ ಬೇಡ, ಬಾನೆಟ್ ಎತ್ತಿ ಟಾರ್ಚ್ ಬಿಟ್ಟರೆ ಸಾಕು. ಇನ್ನೊಬ್ಬರು ಇನ್ನೂ ಬುದ್ಧಿವಂತರು: ‘ಆ ಸೆನ್ಸರ್ ಪಿನ್ನೇ ಕಿತ್ತುಬಿಡಿ, ಲೈಟ್ ಬರೋದೇ ಇಲ್ಲ.’ ಹೌದು, ಕೆಲವು ಕಾರಲ್ಲಿ ಬರೋದಿಲ್ಲ. ಪ್ಯಾಡಿನ ಸವೆತ ಹೇಳುವ ತಂತಿ ತುಂಡಾದರೆ ಎರಡು ತುದಿ ಸೇರಿಸಿ ಟೇಪ್ ಸುತ್ತಿ ಕೊಡುವವರೂ ಇದ್ದಾರೆ. ಅದನ್ನು ಜಾಣತನ ಅಂತ ಹೇಳಿಕೊಳ್ಳುವ ಗಿರಾಕಿಗಳೂ ಇದ್ದಾರೆ.

ಇದೇ ಜನ ಆಫೀಸಲ್ಲಿ ಹೇಗಿರ್ತಾರೆ? ಸರ್ವರ್ ಡಿಸ್ಕ್ ತುಂಬ್ತಿದೆ ಅಂತ ರಾತ್ರಿ ಎರಡಕ್ಕೆ ಅಲರ್ಟ್ ಬಂದಾಗ ಯಾರಾದರೂ ನಾಲ್ಕು ಫೈಲ್ ಅಳಿಸಿ ಟಿಕೆಟ್ ಕ್ಲೋಸ್ ಮಾಡಿದರೆ, ಮೂರನೇ ಸಲಕ್ಕೆ ಮೀಟಿಂಗ್ ಕರೆದು ರೂಟ್ ಕಾಸ್ ಎಲ್ಲಿ ಅಂತ ಜುಟ್ಟು ಹಿಡೀತಾರೆ. ಅಲರ್ಟನ್ನೇ ಮ್ಯೂಟ್ ಮಾಡಿದವನಿಗೆ ಅಪ್ರೈಸಲಲ್ಲಿ ಪಾಠ ಕಲಿಸ್ತಾರೆ. ಕಂಪನಿಯ ಡಿಸ್ಕಿಗೆ ಇರುವ ಮರ್ಯಾದೆ ಸ್ವಂತ ಮಾಸ್ಟರ್ ಸಿಲಿಂಡರಿಗೆ ಇಲ್ಲ.

ರಸ್ತೆ ವಿಷಯಕ್ಕೆ ಬರ್ತೀನಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅದೇ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶ ಇಲ್ಲ. ನೂರರ ಮಿತಿಯಲ್ಲಿ ಸಲೀಸಾಗಿ ಹೋಗ್ತಾ ಇದ್ದರೆ ಬ್ರೇಕ್ ಮೇಲೆ ಕಾಲಿಡುವ ಪ್ರಸಂಗವೇ ಕಮ್ಮಿ. ಆ ಅಭ್ಯಾಸದಲ್ಲೇ ಮೈಸೂರು ದಾಟಿ, ಇಲವಾಲ ಬಿಟ್ಟು, ಹುಣಸೂರಿನ ಕಡೆ ಅದೇ 275ನೇ ಹೆದ್ದಾರಿಯಲ್ಲಿ ಮುಂದುವರೀತೀವಿ. ಅಲ್ಲಿಂದಾಚೆ ಎಕ್ಸ್‌ಪ್ರೆಸ್ ವೇಯಿಂದ ಓಡಿಸಿದ್ದೆಲ್ಲ ಎದುರಿಗೆ ಬರುತ್ತದೆ. ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲ್ ಹೇರಿಕೊಂಡ ಗೂಡ್ಸ್ ಆಟೊಗಳು. ಬಿಳಿಕೆರೆಯಲ್ಲಿ ಬಲಕ್ಕೆ ಕೆ.ಆರ್. ನಗರ, ಹಾಸನದ ಕಡೆ ತಿರುಗಿದರೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು, ಹಿಂದೆ ಒಂದೂ ದೀಪ ಇರದ ಟ್ರೇಲರುಗಳು. ಬಣ್ಣ ಅಳಿಸಿಹೋದ ಹಂಪುಗಳು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರಿನ ಮೇಲೇ ಹರವಿ ಒಕ್ಕಣೆ; ಹುಲ್ಲಿನ ಮೇಲೆ ಬ್ರೇಕ್ ಒತ್ತಿದರೆ ಟೈರಿಗೆ ಹಿಡಿತ ಸಿಗೋದಿಲ್ಲ. ಎಚ್.ಡಿ. ಕೋಟೆ ಕಡೆ ಹೋದವರಿಗೆ ಇನ್ನೊಂದು ಹುಚ್ಚು. ಬಾವಲಿ ದಾರಿಯ ಕಾಡಿನ ಗೇಟು ಸಂಜೆ ಆರಕ್ಕೆ ಹಾಕುತ್ತಾರೆ ಅಂತ ಅಂತರಸಂತೆಯಿಂದ ಆಚೆ ರೇಸು. ದನ ಅಡ್ಡ ಬರುತ್ತೆ, ಸ್ಕೂಲ್ ಬಿಟ್ಟ ಮಕ್ಕಳು ಅಡ್ಡ ಬರ್ತಾರೆ, ಆನೆಯೂ ಬರುತ್ತೆ. ನಿಮ್ಮ ಕಾರಿನ ದೀಪದ ಬಗ್ಗೆ ಇವರಲ್ಲಿ ಯಾರಿಗೂ ಮಾಹಿತಿ ಇಲ್ಲ. ರಿಸ್ಕ್ ನನ್ನದು, ನಿನಗೇನು ಕಷ್ಟ ಅಂತ ಹೇಳುವ ಹಕ್ಕು ಅದಕ್ಕೇ ನಿಮಗಿಲ್ಲ.

ಸಹೋದ್ಯೋಗಿಯ ಆ ಕಾರಿನಲ್ಲಿ ಕೊಡಗಿಗೆ ಹೊರಟಾಗ ನಾನೂ ಇದ್ದೆ. ಬಿಳಿಕೆರೆ ಹತ್ತಿರ ದೀಪ ಬಂತು, ಈ ಸಲ ಆರಲೇ ಇಲ್ಲ. ಹುಣಸೂರಲ್ಲಿ ತೋರಿಸೋಣ ಅಂದರೆ ಅವರಿಗೆ ನಗು. ‘ಹುಣಸೂರಲ್ಲಿ ಈ ಕಾರ್ ಯಾರ್ರೀ ಮುಟ್ತಾರೆ?’ ಇದು ಇನ್ನೊಂದು ಕಾಯಿಲೆ. ಕಾರು ಜರ್ಮನಿಯದಾದರೂ ಪಾಸ್ಕಲ್‌ನ ನಿಯಮ ಎಲ್ಲ ಊರಿಗೂ ಒಂದೇ. ಪೆಡಲ್ ಒತ್ತಿದರೆ ಸಿಲಿಂಡರಿನಲ್ಲಿ ಒತ್ತಡ, ಆ ಒತ್ತಡ ಪೈಪಿನಲ್ಲಿ ಹೋಗಿ ಪ್ಯಾಡನ್ನು ತಳ್ಳಬೇಕು. ಟ್ರ್ಯಾಕ್ಸಲ್ಲೂ ಅಷ್ಟೆ, ಇದರಲ್ಲೂ ಅಷ್ಟೆ.

ಊರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುವಾಗ ಸಿಗುವ ಒಂದು ತಗಡಿನ ಶೆಡ್ಡು. ಒಂದು ಪಿಕಪ್ಪು, ಒಂದು ಟಿಲ್ಲರು, ನಡುವೆ ಇದು. ಐವತ್ತು ದಾಟಿದ ಮೆಕ್ಯಾನಿಕ್ಕು ಬಾನೆಟ್ ಎತ್ತಲೇ ಇಲ್ಲ, ಮೊದಲು ಪ್ರಶ್ನೆ ಕೇಳಿದರು. ಯಾವಾಗಿಂದ? ಯಾವ ಕಡೆ ತಿರುಗಿಸಿದ್ರೆ? ಹ್ಯಾಂಡ್‌ಬ್ರೇಕ್ ಎತ್ತಿ ಇಳಿಸಿದ್ರೆ ಹೋಗುತ್ತಾ? ಎಷ್ಟು ಸಲ ಆಯಿಲ್ ಹಾಕ್ಸಿದೀರಾ? ಮೂರು ಸಲ ಅಂದಾಗ ಅವರ ಮುಖ ಬದಲಾಯಿತು. ನಾಲ್ಕೂ ಚಕ್ರದ ಒಳಮಗ್ಗುಲು ಬಗ್ಗಿ ನೋಡಿದರು, ಒಣಗಿತ್ತು. ನೆಲದ ಮೇಲೂ ಹನಿ ಇಲ್ಲ. ಆಮೇಲೆ ಸೀಟಲ್ಲಿ ಕೂತು, ಎಂಜಿನ್ ಚಾಲೂ ಮಾಡಿ, ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟು ಒಂದೇ ಸಮ ಒತ್ತಿ ಹಿಡಿದುಕೊಂಡು ಸುಮ್ಮನೆ ಕೂತರು. ಒಂದು ನಿಮಿಷ ಆಗಿರಬಹುದು. ಪೆಡಲ್ ಮೆಲ್ಲಗೆ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ, ಕೆಳಗೆ ಹೋಗುತ್ತಿತ್ತು. ಎಂಜಿನ್ ಆಫ್ ಮಾಡಿ, ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದಿದ್ದ ಎರಡು ನಟ್ಟು ಬಿಚ್ಚಿ, ಪೈಪು ಕಳಚದೆ ಅದನ್ನು ಸ್ವಲ್ಪ ಮುಂದಕ್ಕೆ ಜರುಗಿಸಿ, ಸಂದಿಯಲ್ಲಿ ಬಟ್ಟೆ ಸುತ್ತಿದ ಕಡ್ಡಿ ತೂರಿಸಿ ತೆಗೆದರು. ಬಟ್ಟೆ ತೊಯ್ದು ತೊಪ್ಪೆ.

‘ಎಣ್ಣೆ ಎಲ್ಲಿಗ್ ಹೋಯ್ತು ಅಂತ ಯಾರೂ ಕೇಳ್ನಿಲ್ವಾ ಸಾ?’

ಅಷ್ಟೇ ವಿಷಯ. ಮಾಸ್ಟರ್ ಸಿಲಿಂಡರಿನ ರಬ್ಬರ್ ಸೀಲು ಸವೆದು, ಆಯಿಲು ಹೊರಗೆ ಬೀಳದೆ ಹಿಂದಿನ ಬೂಸ್ಟರಿನೊಳಗೆ ಸೇರಿಕೊಳ್ಳುತ್ತಿತ್ತು. ಅದಕ್ಕೇ ನೆಲದ ಮೇಲೆ ಕಲೆ ಇಲ್ಲ, ಚಕ್ರದಲ್ಲಿ ತೇವ ಇಲ್ಲ. ಮೂರು ತಿಂಗಳಿಂದ ದೀಪ ಹೇಳುತ್ತಿದ್ದದ್ದು ಇದನ್ನೇ. ಹೊಸ ಸೆನ್ಸರು, ಹೊಸ ಪ್ಯಾಡು, ಹೊಸ ಡಿಸ್ಕು ಇದ್ದ ಕಾರಿನಲ್ಲಿ ಬ್ರೇಕ್ ದಿನದಿನಕ್ಕೆ ಸಾಯುತ್ತಿತ್ತು. ಮೆಕ್ಯಾನಿಕ್ಕು ಸೀಲ್ ಕಿಟ್ ಹಾಕಿ ಕಳಿಸೋಕೆ ಒಪ್ಪಲಿಲ್ಲ. ಪೂರ್ತಿ ಸಿಲಿಂಡರೇ ಬದಲಾಗಬೇಕು, ಅದು ಇಲ್ಲಿ ಸಿಗಲ್ಲ, ಓಡಿಸಿಕೊಂಡು ಹೋಗಬೇಡಿ, ಗಾಡಿ ಮೇಲೆ ಹಾಕಿಸಿ ಮೈಸೂರಿಗೆ ಕಳಿಸಿ ಅಂದರು. ಒಟ್ಟು ಮುಕ್ಕಾಲು ಗಂಟೆ. ತಗೊಂಡಿದ್ದು ಇನ್ನೂರು ರೂಪಾಯಿ.

ನನಗೆ ಹೊಟ್ಟೆ ಉರಿಯೋದು ಈ ಇನ್ನೂರು ರೂಪಾಯಿಯ ಹತ್ತಿರ. ಬೆಂಗಳೂರಿನ ಬಿಲ್ಲುಗಳನ್ನು ತೆಗೆದು ನೋಡಿ: ಪಾರ್ಟ್ಸ್ ಇಷ್ಟು, ಲೇಬರ್ ಇಷ್ಟು, ಜಿಎಸ್‌ಟಿ ಇಷ್ಟು. ಕಂಡುಹಿಡಿದದ್ದಕ್ಕೆ ಇಷ್ಟು ಅಂತ ಒಂದು ಕಾಲಂ ಇದೆಯಾ? ಎಲ್ಲೋ ಒಂದು ಕಡೆ ಡಯಾಗ್ನಸಿಸ್ ಚಾರ್ಜು ಅಂತ ಸಾವಿರ ರೂಪಾಯಿ ಬರೆದರೆ ನಾವು ಜಗಳ ಆಡ್ತೀವಿ. ‘ಏನೂ ಮಾಡ್ಲೇ ಇಲ್ಲ, ಬರೀ ನೋಡಿದ್ದಕ್ಕೆ ಸಾವಿರನಾ?’ ಅದೇ ನಲವತ್ತು ಸಾವಿರದ ಡಿಸ್ಕು ಹಾಕಿದರೆ ತುಟಿ ಪಿಟಕ್ ಅನ್ನಲ್ಲ, ಡಬ್ಬಿ ಕಣ್ಣಿಗೆ ಕಾಣುತ್ತಲ್ಲ. ಗ್ಯಾರೇಜಿನವನಿಗೆ ಇದು ಚೆನ್ನಾಗಿ ಗೊತ್ತು. ಯೋಚಿಸಿದರೆ ದುಡ್ಡು ಹುಟ್ಟಲ್ಲ, ಪಾರ್ಟ್ ಬದಲಾಯಿಸಿದರೆ ಹುಟ್ಟುತ್ತೆ. ಸರ್ವಿಸ್ ಅಡ್ವೈಸರಿಗೆ ದಿನಕ್ಕಿಷ್ಟು ಜಾಬ್ ಕಾರ್ಡು, ತಿಂಗಳಿಗಿಷ್ಟು ಬಿಲ್ಲು. ಒಂದು ನಿಮಿಷ ಪೆಡಲ್ ಒತ್ತಿ ಸುಮ್ಮನೆ ಕೂರುವ ಹುಡುಗನನ್ನು ಅಲ್ಲಿ ಸೋಮಾರಿ ಅಂತಾರೆ. ನಲವತ್ತು ವರ್ಷ ಕೆಲಸ ಮಾಡಿದ ಬೆರಳಿನ ಅನುಭವಕ್ಕೆ ಹುಣಸೂರಿನ ಆ ಮನುಷ್ಯನೇ ಇನ್ನೂರಕ್ಕಿಂತ ಹೆಚ್ಚು ಬೆಲೆ ಕಟ್ಟಿಕೊಳ್ಳದ ಹಾಗೆ ನಾವೆಲ್ಲ ಸೇರಿ ಮಾಡಿದ್ದೇವೆ. ಅವರ ಮಕ್ಕಳು ಈ ಕೆಲಸಕ್ಕೆ ಬರದಿದ್ದರೆ ಆಶ್ಚರ್ಯ ಪಡಬೇಡಿ.

ಅದೇ ರಸ್ತೆಯ ಎರಡು ಪಕ್ಕ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿವೆ. ಪಿರಿಯಾಪಟ್ಟಣದ ರೈತ ಸೊಪ್ಪು ಕಟ್ಟಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಥರ್ಮಾಮೀಟರ್ ನೋಡುತ್ತಾ ಇರುತ್ತಾನೆ, ರಾತ್ರಿ ಎದ್ದೆದ್ದು ಹೋಗಿ. ಶಾಖ ಏರಿದರೆ ಸೌದೆ ಹಿಂದಕ್ಕೆಳೀತಾನೆ, ಗಾಳಿ ಕಿಂಡಿ ತೆಗೀತಾನೆ. ಥರ್ಮಾಮೀಟರ್ ಕಿತ್ತು ಹೊರಗಿಟ್ಟರೆ ಶಾಖ ಇಳಿಯುತ್ತೆ ಅಂತ ಅವನಿಗೆ ಯಾರಾದರೂ ಹೇಳಿನೋಡಲಿ. (ಹೊಗೆಸೊಪ್ಪು ಬೆಳೀಬೇಕೋ ಬೇಡವೋ ಅನ್ನೋದು ಬೇರೆ ಜಗಳ, ಅದನ್ನು ಇನ್ನೊಮ್ಮೆ ಆಡೋಣ.)

ಸ್ಪೋರ್ಟ್ಸ್ ಕಾರಿನವರ ಬಗ್ಗೆ ಇನ್ನೊಂದು ಮಾತು. ಎಂಜಿನ್ ರೀಮ್ಯಾಪ್ ಮಾಡಿಸಿ ಇನ್ನೊಂದು ಮೂವತ್ತು ಕುದುರೆ ಕಟ್ಟೋಕೆ, ಗುಡುಗುವ ಸೈಲೆನ್ಸರಿಗೆ, ಕ್ಯಾಲಿಪರಿಗೆ ಕೆಂಪು ಬಣ್ಣ ಹೊಡೆಸೋಕೆ ದುಡ್ಡಿದೆ. ಹೌದು, ಕ್ಯಾಲಿಪರಿಗೆ ಬಣ್ಣ. ಅದರೊಳಗಿನ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಕೈಪಿಡಿಯಲ್ಲಿ ಬರೆದಿದ್ದರೆ, ‘ಇನ್ನೂ ಚೆನ್ನಾಗಿದೆಯಲ್ಲ’. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯೋದು ಕಮ್ಮಿಯೆಂದರೂ 230 ಡಿಗ್ರಿಯಲ್ಲಿ. ನೀರು ಕುಡಿದ ಮೇಲೆ ಅದರ ಕನಿಷ್ಠ ಮಿತಿ 155. ಮಡಿಕೇರಿಯಿಂದ ಕುಶಾಲನಗರದ ಕಡೆ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಒತ್ತಿ ಡಿಸ್ಕು ಕಾದಾಗ, ಆ ಎಪ್ಪತ್ತೈದು ಡಿಗ್ರಿ ವ್ಯತ್ಯಾಸದಲ್ಲಿ ಆಯಿಲ್ ಒಳಗೆ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಕುಗ್ಗುತ್ತದೆ, ಒತ್ತಡ ಮುಂದೆ ಹೋಗೋದಿಲ್ಲ, ಪೆಡಲ್ ನೆಲಕ್ಕೆ ತಾಗುತ್ತದೆ. ಇದಕ್ಕೆ ದೀಪವೂ ಹತ್ತೋದಿಲ್ಲ. ಮಟ್ಟ ಸರಿಯಾಗೇ ಇರುತ್ತದಲ್ಲ.

ಎಲ್ಲ ಕೆಂಪು ದೀಪವೂ ಇಷ್ಟು ಭಯಂಕರ ಇರೋದಿಲ್ಲ ಅನ್ನೋದು ನಿಜ. ಹ್ಯಾಂಡ್‌ಬ್ರೇಕಿನ ಸ್ವಿಚ್ಚಿಗೆ ಧೂಳು ಕೂತಿದ್ದರೂ ಹತ್ತುತ್ತದೆ. ಆದರೆ ಅದು ಧೂಳು ಅಂತ ಗೊತ್ತಾಗಬೇಕಾದದ್ದು ನೋಡಿದ ಮೇಲೆ, ನೋಡುವ ಮುಂಚೆ ಅಲ್ಲ. ಲಿವರ್ ಎತ್ತಿ ಇಳಿಸಿ. ಡಬ್ಬಿಯ ಮಟ್ಟ ನೋಡಿ. ಕಮ್ಮಿಯಿದ್ದರೆ ತುಂಬಿಸುವ ಮೊದಲು ಮೊಬೈಲಲ್ಲಿ ಒಂದು ಫೋಟೊ ತೆಗೆದು ಕಿಲೋಮೀಟರ್ ಬರೆದಿಡಿ. ಎಂಜಿನ್ ಚಾಲೂ ಇಟ್ಟು, ನಿಂತಲ್ಲೇ ಪೆಡಲ್ ಒಂದೇ ಸಮ ಒತ್ತಿ ಹಿಡಿದು ಅದು ಇಳಿಯುತ್ತಾ ನೋಡಿ. ಇಳಿದರೆ ಕಾರು ಅಲ್ಲೇ ನಿಲ್ಲಲಿ. ಹೋಮ್‌ಸ್ಟೇ ಬುಕಿಂಗ್ ಹೋದರೆ ಹೋಗಲಿ.

ಗ್ಯಾರೇಜಿಗೆ ಹೋದಾಗ ಜಾಬ್ ಕಾರ್ಡಿನಲ್ಲಿ ‘ಬ್ರೇಕ್ ಲೈಟ್ ಆನ್, ಸರಿಪಡಿಸುವುದು’ ಅಂತ ಬರೆಯೋಕೆ ಬಿಡಬೇಡಿ. ‘ಬ್ರೇಕ್ ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂದು ಪತ್ತೆ ಮಾಡುವುದು, ಪತ್ತೆಯಾಗುವವರೆಗೆ ಯಾವ ಪಾರ್ಟೂ ಬದಲಾಯಿಸಕೂಡದು’ ಅಂತ ಬರೆಸಿ. ಅಡ್ವೈಸರು ವಿಚಿತ್ರವಾಗಿ ನೋಡ್ತಾರೆ, ನೋಡಲಿ. ಪತ್ತೆ ಮಾಡಿದ್ದಕ್ಕೆ ಬೇರೆ ಚಾರ್ಜ್ ಆಗುತ್ತೆ ಅಂದರೆ ಚೌಕಾಸಿ ಮಾಡದೆ ಕೊಡಿ.